ಮುಳ್ಳು ಇಳಿದಾಗ ಕೇಳಿದ ದನಿ

ಇದನ್ನು ಕಟ್ಟುಕಥೆ ಅಂದುಕೊಳ್ಳುವವರು ಹಾಗೇ ಅಂದುಕೊಳ್ಳಲಿ, ನಾನು ಜಗಳಕ್ಕೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮಪ್ಪ ಲಾರಿ ಓಡಿಸಿ ಬದುಕಿದವರು. ಗಂಟಲು ಕ್ಯಾನ್ಸರ್ ಆಪರೇಷನ್‌ನಲ್ಲಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಆಮೇಲೆ ಕತ್ತಿನ ತೂತಿನಿಂದಲೇ ಉಸಿರಾಟ, ಮಾತೆಲ್ಲ ಕೈಸನ್ನೆ. ಆ ರಾತ್ರಿ ರಾಮಾಪುರದ ನಮ್ಮ ಮನೆಯಲ್ಲಿ ತೂತಿಗೆ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತು. ಕೊಳ್ಳೇಗಾಲದ ಆಸ್ಪತ್ರೆ ಮುಟ್ಟಿಸದಿದ್ದರೆ ಅವರು ಉಳಿಯುತ್ತಿರಲಿಲ್ಲ. ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ನನ್ನ ಹೆಂಡತಿ ರತ್ನ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮುಂದೆ ನಾನೊಬ್ಬನೇ.

ಕಾಡಿನ ದಾರಿ. ಹಿಂದಿನಿಂದ ಗೊರ್... ಗೊರ್... ಅನ್ನುವ ಉಸಿರು. ನನಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಮನಸ್ಸೆಲ್ಲ ಮರಗಟ್ಟಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಎದುರಿನ ಮೀಟರುಗಳ ಎರಡೇ ಮುಳ್ಳು. ಡೀಸೆಲ್ ಮುಳ್ಳು ಅರ್ಧದಲ್ಲಿತ್ತು. ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಕಡೆ ಏರುತ್ತಿತ್ತು.

ಬೆಲ್ಲ ಸೀದಂಥ ವಾಸನೆ ಬಂತು... ಇದ್ದಕ್ಕಿದ್ದಂತೆ ಆ ಮುಳ್ಳು ಸರ್ರನೆ ಇಳಿದು ತಣ್ಣನೆಯ ಗುರುತಿನ ಮೇಲೆ ಕೂತಿತು. ಸದ್ಯ, ಗಾಳಿಗೆ ತಣಿಯಿತು ಅಂದುಕೊಂಡು ಆಕ್ಸಿಲರೇಟರ್ ಒತ್ತಿದೆ.

"ನಿಲ್ಸ್ಲಾ... ನೀರಿಲ್ಲ ಅದ್ರಲ್ಲಿ."

ತಗ್ಗಿದ ದನಿ. ಅಪ್ಪನದೇ. ಆಪರೇಷನ್ ಆದ ಮೇಲೆ ನಾನು ಕೇಳೇ ಇರದ ದನಿ.

ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರ್ ಪೈಪಿನ ಕ್ಲಿಪ್ ಸಡಿಲವಾಗಿ ನೀರೆಲ್ಲ ಸೋರಿಹೋಗಿತ್ತು. ಬಿಸಿ ಅಳೆಯುವ ಸೆನ್ಸರಿಗೆ ನೀರೇ ತಾಗದಿದ್ದರೆ ಮುಳ್ಳು ತಣ್ಣಗಿದೆ ಅಂತ ಸುಳ್ಳು ಹೇಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಇದಕ್ಕೇ. ಇನ್ನೊಂದಿಷ್ಟು ದೂರ ಹೋಗಿದ್ದರೆ ಎಂಜಿನ್ ಕಚ್ಚಿಕೊಂಡು ನಿಂತುಹೋಗಿ ಅಪ್ಪ ಆ ಕಾಡಿನಲ್ಲೇ ಮುಗಿಯುತ್ತಿದ್ದರು.

ರೇಡಿಯೇಟರಿನ ಬಿಸಿ ಮುಚ್ಚಳವನ್ನು ತಕ್ಷಣ ತೆಗೆಯುವಂತಿಲ್ಲ. ಎಂಜಿನ್ ಆರಲಿ ಅಂತ ಕಾದೆವು... ಅಪ್ಪನ ಉಸಿರು ಕೇಳುತ್ತ ನಿಂತೆ.

"ನಿಂಗೂ ಕೇಳ್ತಾ?" ಅಂದೆ ರತ್ನಳಿಗೆ.

"ಊ ಕಣ್ರಿ, ಕೇಳ್ತು. ಮಾವ ಬಾಯೇ ಬುಡ್ನಿಲ್ಲ... ಈಗ ಸುಮ್ಕಿರಿ."

ಕ್ಲಿಪ್ ಬಿಗಿದು, ಕುಡಿಯಲು ತಂದಿದ್ದ ಕ್ಯಾನಿನ ನೀರು ಸುರಿದು ಹೊರಟೆವು. ಹನೂರು ದಾಟಿ ಕೊಳ್ಳೇಗಾಲ ಮುಟ್ಟಿದೆವು. ಡಾಕ್ಟರು ಕಫ ತೆಗೆದರು. ಅಪ್ಪ ಉಳಿದರು.

ಬೆಳಿಗ್ಗೆ ಅವರ ಕೈ ಹಿಡಿದು ಕೇಳಿದೆ. "ರಾತ್ರಿ ಕಾರಲ್ಲಿ ಮಾತಾಡ್ದವ್ನು ನೀನೇನಪ್ಪ?"

ಅಪ್ಪ ಇಲ್ಲ ಎಂದು ತಲೆಯಾಡಿಸಿದರು. ಕಿವಿ ಮುಟ್ಟಿ ತೋರಿಸಿದರು, ತಮಗೂ ಕೇಳಿಸಿತು ಅಂತ. ಆಮೇಲೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಂತೆ ಮಾಡಿ, ಅದರ ಎಡಕ್ಕೆ ಬೆರಳಿಟ್ಟು, ನಿನ್ನ ಪಕ್ಕ ಕೂತು ಬಂದವನು ಯಾರು, ಎಲ್ಲಿಗೆ ಹೋದ ಎಂದು ಸನ್ನೆಯಲ್ಲೇ ಕೇಳಿದರು.

ಮಾವನ ಜೀವ ಉಳಿಸಿದ ದನಿಗೆ ಹೆದರಬಾರದು ಅಂತ ರತ್ನ ಹೇಳುತ್ತಾಳೆ. ಇರಬಹುದು. ನಾನಂತೂ ಇವತ್ತಿಗೂ ಆ ಕಾರನ್ನು ಒಬ್ಬನೇ ಹತ್ತುವುದಿಲ್ಲ.