ಯಾರೂ ಓಡಿಸದ ಕಾರು

ಗಡಿಯಾರ ರಿಪೇರಿಯ ಯಜಮಾನರಿಗೆ ಬಾಳಿನಲ್ಲಿದ್ದ ಆಸೆ ಒಂದೇ: ಹೆಂಡತಿಯ ಅಣ್ಣನ ಬಾಯಿಂದ ಒಮ್ಮೆಯಾದರೂ ‘ಗೊತ್ತಿಲ್ಲ’ ಅನ್ನಿಸಬೇಕು. ಕಾರಿನ ವಿಷಯಕ್ಕೆ ಬಂದರಂತೂ ಭಾವನಿಗೆ ತಿಳಿಯದ್ದು ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಹುಟ್ಟಿಸಿಯೇ ಬಿಡೋಣ ಎಂದು ಇವರು ಲೋಕದಲ್ಲೇ ಇಲ್ಲದ ಕಾರೊಂದನ್ನು ಅಂಗೈಯಗಲ ಕಟ್ಟಲು ಕೂತರು. ಮುರಿದ ಆಟಿಕೆ ಕಾರೊಂದರ ಮೂತಿಗೆ ಇನ್ನೊಂದರ ಬೆನ್ನು ಅಂಟಿಸಿದರು. ಕೈಗಡಿಯಾರದ ಗಾಜುಗಳು ದೀಪಗಳಾದವು, ಹಲ್ಲುಚಕ್ರ ಸ್ಟೇರಿಂಗ್ ಆಯಿತು, ಹೆಂಡತಿಯ ಹಳೆಯ ಪರ್ಸಿನ ಚರ್ಮ ಸೀಟಿಗೆ ಹೋಯಿತು. ‘ಟಿಂಬೊರಾ’ ಎಂಬ ಹೆಸರನ್ನೂ ತಾವೇ ಹುಟ್ಟಿಸಿದರು.

ಭಾನುವಾರ ಊಟಕ್ಕೆ ಬಂದ ಭಾವನ ಮುಂದೆ ಅದನ್ನಿಟ್ಟು ಕೇಳಿದರು: “ಟಿಂಬೊರಾ ಅಂತ. ಕೇಳಿದ್ದೀರಾ ಭಾವ?”

ಭಾವ ಕನ್ನಡಕ ಏರಿಸಿ ನೋಡಿದರು. “ಕೇಳೋದೇನು ಬಂತು, ಓಡಿಸಿದ್ದೀನಲ್ಲ! ನೋಡೋಕೆ ಚೆಂದ, ಆದ್ರೆ ಇಳಿಜಾರಲ್ಲಿ ಬ್ರೇಕ್ ಹಿಡೀತಿರಲಿಲ್ಲ.”

‘ಸಿಕ್ಕಿಬಿದ್ರಿ, ಅಂಥ ಕಾರೇ ಇಲ್ಲ’ ಎಂದು ಚಪ್ಪಾಳೆ ತಟ್ಟಬೇಕಾದ ಗಳಿಗೆ ಅದು. ಆದರೆ ಯಜಮಾನರ ಮೀಸೆ ಅದುರಿತು.

“ನೋಡಿ ಭಾವ, ಟಿಂಬೊರಾ ಬ್ರೇಕಲ್ಲಿ ಮಾತ್ರ ತಪ್ಪು ಹುಡುಕಬೇಡಿ! ಅಂಥ ಬ್ರೇಕು ಇನ್ಯಾವ ಕಾರಿಗಿತ್ತು?”

“ನಿಮ್ಮದು ಆಮೇಲೆ ಬಂದ ಮಾಡೆಲ್ ಇರಬೇಕು,” ಎಂದರು ಭಾವ.

“ಮೊದಲನೇದೇ ಇದು!”

ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಇಬ್ಬರೂ ಆ ಕಾರಿಂದ ಇಳಿದು ಬನ್ನಿ, ಊಟ ಆರ್ತಾ ಇದೆ.”