ಇಳಿಯದೇ ಹೋದ ವಿಮಾನ

ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದ ಬದಲಿಸಲು ಹೋಗಿ ಮೊನ್ನೆ ಒಂದು ಗುಲಾಬಿ ಕರಪತ್ರ ಸಿಕ್ಕಿತು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಅದರಲ್ಲಿ ಒಂದು ಇಂಗ್ಲಿಷ್ ಚಿತ್ರದ ಹೆಸರು, ಕೆಳಗೆ "ಶತ್ರುಗಳ ಸೆರೆಯಿಂದ ಗೆಳೆಯನ ರೋಮಾಂಚಕ ಬಿಡುಗಡೆ! ನೋಡಲು ಮರೆತರೆ ಮರುಗುವಿರಿ!" ಎಂದಿತ್ತು. ಬರೆದ ಮಹಾಕವಿ ನಾನೇ. ನಗಬೇಡಿ. ತೊಂಬತ್ತರ ದಶಕದಲ್ಲಿ, ಬಿ.ಎ. ಎರಡನೇ ಸಲವೂ ಕೈಕೊಟ್ಟ ಮೇಲೆ, ಶಿಕಾರಿಪುರದ ಚಿತ್ರಮಂದಿರವೊಂದಕ್ಕೆ ಕರಪತ್ರ ಬರೆದು, ಆಟೋಗೆ ಮೈಕು ಕಟ್ಟಿಕೊಂಡು ಹಳ್ಳಿಹಳ್ಳಿ ಕೂಗುತ್ತಿದ್ದೆ. ಸಿನಿಮಾ ನೋಡದೆಯೇ ಹೊಗಳುವುದೂ ಒಂದು ವಿದ್ಯೆ. ನಾನು ಪಾಸಾದದ್ದು ಅದೊಂದರಲ್ಲೇ.

ಮಾಲೀಕರು ಕಥೆಯನ್ನು ಎರಡು ಮಾತಿನಲ್ಲಿ ಮುಗಿಸಿದ್ದರು: "ಯುದ್ಧದ ವಿಮಾನ ಅದಾವೆ. ಒಬ್ಬ ಪೈಲಟ್ ಸಿಕ್ಕಿಬೀಳ್ತಾನೆ, ಇನ್ನೊಬ್ಬ ಹೋಗಿ ಬಿಡಿಸ್ತಾನೆ. ಮುಂದಿಂದು ನೀನೇ ಊದು." ಊದಿದೆ. ಬಂದಳಿಕೆ ಊರಲ್ಲಿ ಎಂಟಿದ್ದ ವಿಮಾನಗಳು ಉಡುತಡಿ ತಲುಪುವ ಹೊತ್ತಿಗೆ ಇಪ್ಪತ್ತಾಗಿದ್ದವು.

ಅಲ್ಲಿ ಮೆಕ್ಕೆಜೋಳ ಹರಡುತ್ತಿದ್ದ ಗೌರಮ್ಮ ಎಂಬವರು ಎದ್ದು ಬಂದು ಆಟೋ ನಿಲ್ಲಿಸಿದರು. ಅವರ ಮಗ ಬಸವರಾಜ ಸೈನ್ಯದಲ್ಲಿದ್ದ. ಮೂರು ತಿಂಗಳಿಂದ ಕಾಗದವಿರಲಿಲ್ಲ.

"ಸಿಕ್ಕಿಬಿದ್ದೋನು ಉಳೀತಾನೇನಪ್ಪ? ಸಾಯೋದಿದ್ರೆ ನಾ ಬರಲ್ಲ."

"ಉಳೀತಾನೆ ಬಿಡವ್ವ, ನಂದು ಗ್ಯಾರಂಟಿ," ಎಂದೆ, ಮೈಕು ಆರಿಸದೆ. ಇಡೀ ಓಣಿ ಕೇಳಿಸಿಕೊಂಡಿತು.

ಮರುದಿನದ ಮ್ಯಾಟಿನಿಗೆ ಅವರು ಬಂದೇಬಿಟ್ಟರು. ಒಳ್ಳೆಯ ಸೀರೆ, ಮಡಿಲಲ್ಲಿ ಮಂಡಕ್ಕಿ ಪೊಟ್ಟಣ. ಪರದೆಯ ಮೇಲೆ ವಿಮಾನ ಉರುಳಿ ಪೈಲಟ್ ಸೆರೆಸಿಕ್ಕಾಗ ಮಂಡಕ್ಕಿ ಮುಕ್ಕುವುದನ್ನು ನಿಲ್ಲಿಸಿದರು. ಇಂಟರ್ವಲ್‌ನಲ್ಲಿ ಪ್ರೊಜೆಕ್ಟರ್ ಓಡಿಸುವ ಕರಿಯಪ್ಪ ಬೀಡಿ ಹಚ್ಚುತ್ತ ಹೇಳಿದ: "ಕೊನೇ ರೀಲ್ ಸುತ್ತುವಾಗ ನೋಡ್ದೆ. ಪೆಟ್ಟಿಗೆಗೆ ಬಾವುಟ ಹೊದಿಸಿ ಹೊತ್ಕಂಡು ಹೋಗ್ತಾರೆ. ಬಿಡಿಸ್ಕಂಡು ಬಂದ್ರೂ ಉಳಿಯಲ್ಲ ಅಂವ."

ಆ ತಾಯಿಗೆ ಹೆಣದ ಪೆಟ್ಟಿಗೆ ತೋರಿಸುವುದು ಹೇಗೆ? ಕರಿಯಪ್ಪನ ಕೈಕಾಲು ಹಿಡಿದೆ. ಗೆಳೆಯರಿಬ್ಬರೂ ವಿಮಾನದಲ್ಲಿ ಗಡಿ ದಾಟುತ್ತಿದ್ದಂತೆ ಅವನು ಕೊನೆಯ ರೀಲನ್ನು ಪಕ್ಕಕ್ಕಿಟ್ಟು 'ವಂದನೆಗಳು' ಎಂಬ ಸ್ಲೈಡ್ ಹಾಕಿದ. ಜನ ಸೀಟಿ ಹೊಡೆದರು, ಕುರ್ಚಿ ಒದ್ದರು. ಮಾಲೀಕರು ಅಂದೇ ನನಗೂ ವಂದನೆ ಹೇಳಿ ಕಳಿಸಿದರು. ನನಗೋ, ಒಬ್ಬನ ಪ್ರಾಣ ಉಳಿಸಿದ ಬಿಂಕ.

ಹೊರಗೆ ಗೌರಮ್ಮ ಕಾಯುತ್ತಿದ್ದರು. "ವಿಮಾನ ಇಳೀಲಿಲ್ಲಲ್ಲಪ್ಪ?"

"ಗಡಿ ದಾಟಿತಲ್ಲವ್ವ, ಬಂದಂಗೇ ಲೆಕ್ಕ."

"ಮನೀಗೆ ಬಂದ್ಮೇಲೆ ಬಂದ ಅನ್ಬೇಕು," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಗೌರಮ್ಮ ಮತ್ತೊಮ್ಮೆ ನೋಡೋಣವೆಂದರೂ ಮರುದಿನವೇ ರೀಲಿನ ಪೆಟ್ಟಿಗೆಗಳು ಸೊರಬದ ಟಾಕೀಸಿಗೆ ಹೋದವು. ಹದಿನೈದು ದಿನಕ್ಕೆ ಮಗನ ಕಾಗದ ಬಂತು, ಬೇಸಿಗೆಗೆ ಮಗನೇ ಬಂದ. ಆ ಹದಿನೈದು ದಿನ ಅವ್ವ ಸರಿಯಾಗಿ ಉಣ್ಣಲಿಲ್ಲವಂತೆ ಎಂದು ಅವನೇ ನನಗೆ ಹೇಳಿದ್ದ. ಈಗ ನಿವೃತ್ತನಾಗಿ ಆನವಟ್ಟಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾನು ಮೋಟಾರು ಹೊತ್ತುಕೊಂಡು ಹೋದಾಗಲೆಲ್ಲ ಅಂಗಡಿಯಲ್ಲಿ ಕೂತ ಗೌರಮ್ಮ, "ನಿನ್ ವಿಮಾನ ಇಳೀತೇನಪ್ಪ?" ಎಂದು ಕಾಲೆಳೆಯುತ್ತಾರೆ. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಪಾಪ, ಯಾವ ಸಾವನ್ನು ಇವರಿಂದ ಮುಚ್ಚಿಟ್ಟೆನೆಂದು ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಕರಪತ್ರದಲ್ಲಿದ್ದ ಹೆಸರು ಹಿಡಿದು ನನ್ನ ಹೆಂಡತಿ ಆ ಚಿತ್ರವನ್ನು ಫೋನಿನಲ್ಲಿ ಹುಡುಕಿಕೊಟ್ಟಳು. ಕೊನೆಯವರೆಗೂ ನೋಡಿದೆ. ಪೆಟ್ಟಿಗೆ ಬಂತು, ಬಾವುಟವೂ ಇತ್ತು. ಒಳಗಿದ್ದವನು ಮುದಿ ಕಮಾಂಡರ್. ನಾನು ಪ್ರಾಣ ಉಳಿಸಿದ ಪೈಲಟ್ ಕೈಗೆ ಪಟ್ಟಿ ಕಟ್ಟಿಕೊಂಡು ಪೆಟ್ಟಿಗೆಯ ಹಿಂದೆ ಗಟ್ಟಿಮುಟ್ಟಾಗಿ ನಡೆದು ಬರುತ್ತಿದ್ದ. ಅದಕ್ಕೂ ಮುಂಚೆ ವಿಮಾನ ನೆಲಕ್ಕಿಳಿದಿತ್ತು. ರನ್‌ವೇಯ ಬದಿಯಲ್ಲಿ ಅವನ ತಾಯಿ ಕಾಯುತ್ತ ನಿಂತಿದ್ದಳು. ನನಗೆ ನಾಚಿಕೆಯಾಯಿತು. ಗೌರಮ್ಮ ನೋಡಲು ಬಂದಿದ್ದ ಒಂದೇ ಒಂದು ದೃಶ್ಯವನ್ನು ನಾನೇ ನುಂಗಿ ಕೂತಿದ್ದೆ.

ಬಸವರಾಜನಿಗೆ ಫೋನ್ ಮಾಡಿ ಅವ್ವನಿಗೆ ಕೊಡು ಎಂದೆ.

"ವಿಮಾನ ಇಳೀತವ್ವ. ಅಂವ ಬದುಕಿದ್ದ. ಕೊನೇ ರೀಲ್ ನಿಲ್ಲಿಸಿದ್ದು ನಾನು, ತಪ್ಪು ನಂದೇ."

ಅವರು ಬೈಯಲಿಲ್ಲ. ಇಷ್ಟೇ ಕೇಳಿದರು: "ಅವರವ್ವ ಬಂದಿದ್ಲಾ?"

"ಬಂದಿದ್ಲು," ಎಂದೆ. ಆ ಚಿತ್ರವನ್ನು ಪೂರ್ತಿ ನೋಡಿ ನಾನು ಮಾತಾಡಿದ್ದು ಅಂದೇ ಮೊದಲು.