ರಗತ ಕುಡಿಯುವ ದೊರೆಯೂ ನಮ್ಮ ದೊಡ್ಡವ್ವನೂ

ಝೆರಾಕ್ಸ್ ಯಂತ್ರದಿಂದ ಆಗತಾನೇ ಹೊರಬಿದ್ದ ಕಾಗದಕ್ಕೆ ಒಂದು ಬಿಸಿ ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಮೊನ್ನೆ ಹಡಗಲಿಯ ನಮ್ಮ ಕಾಲೇಜಿನಲ್ಲಿ ಹುಡುಗಿಯೊಬ್ಬಳು ಅಂಥದೊಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟಳು. ಮಂದಿಯ ರಕ್ತ ಕುಡಿದು ಬದುಕುವ ದೊರೆಯೊಬ್ಬನ ಹಳೆಯ ಇಂಗ್ಲಿಷ್ ಕಾದಂಬರಿ. ಈ ವರ್ಷ ಮತ್ತೆ ಪಠ್ಯವಾಗಿದೆ. ಪರಕೀಯರ ಭಯ, ವಿಜ್ಞಾನಕ್ಕೂ ಹಳೆಯ ನಂಬಿಕೆಗೂ ಜಗಳ ಎಂದೆಲ್ಲ ಗೈಡುಗಳಲ್ಲಿ ಬರೆದಿರುತ್ತಾರೆ. ನನಗೆ ನೆನಪಾದದ್ದು ಮಾತ್ರ ಕೊಟ್ಟೂರಿನ ನಮ್ಮ ದೊಡ್ಡವ್ವ.

ಬಿ.ಎ. ಓದುವಾಗ ನಾನು ದೊಡ್ಡಪ್ಪನ ಮನೆಯಲ್ಲಿದ್ದೆ. ಆಗಲೂ ಇದೇ ಪಠ್ಯ. ನನ್ನ ಇಂಗ್ಲಿಷೋ, ಕೂಡ್ಲಿಗಿಯ ಬಸ್ಸಿನ ಹಾಗೆ ಅಲ್ಲಲ್ಲಿ ನಿಂತು ಹೋಗುವಂಥದ್ದು. ಓದಿದ್ದನ್ನು ಕನ್ನಡದಲ್ಲಿ ಯಾರಿಗಾದರೂ ಹೇಳಿದರಷ್ಟೇ ತಲೆಯಲ್ಲಿ ನಿಲ್ಲುತ್ತಿತ್ತು. ಸಂಜೆ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುವಾಗ ನನ್ನ ಪಾಠ ಶುರುವಾಗುತ್ತಿತ್ತು.

ಅವಳು ಸುಮ್ಮನೆ ಕೇಳುವವಳಲ್ಲ. ದೊರೆಗೆ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ ಎಂದರೆ, "ಹಂಗಾರ ತಲಿ ಹೆಂಗ ಬಾಚ್ಕಂತಾನ?" ಎಂದಳು. ಬೆಳ್ಳುಳ್ಳಿ ಅಂದರೆ ಆಗದು ಎಂದೆ. "ನಮ್ಮೂರಿಗೆ ಬಂದ್ರ ಉಪಾಸ ಸಾಯ್ತಾನ ಬಿಡು." ಮನೆಯವರು ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ ಎಂದಾಗ ನಕ್ಕೇಬಿಟ್ಟಳು. "ಬಾಗಿಲಾಗ ಯಾರ ನಿಂತ್ರೂ ಒಳಗ ಬರ್ರಿ ಅನ್ನೋ ಮಂದಿ ನಾವು. ಅವನಿಗೆ ಇಲ್ಲಿ ಚಲೋ ಆಕ್ಕೈತಿ."

ದೊರೆ ಹಡಗು ಹತ್ತಿ ಪರದೇಶಕ್ಕೆ ಹೊರಡುವಾಗ ತನ್ನೂರಿನ ಮಣ್ಣನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಳ್ಳುತ್ತಾನೆ, ಅದರಲ್ಲಿ ಮಲಗಿದರೇ ಅವನಿಗೆ ನಿದ್ದೆ ಎಂದಾಗ ಅವಳ ಕೈ ನಿಂತಿತು. ಹೊಳಲಿನಿಂದ ಸೊಸೆಯಾಗಿ ಬಂದವಳು. ತವರಿಂದ ಬರುವಾಗಲೆಲ್ಲ ತಲೆ ತೊಳೆಯಲು ಒಂದು ಗಂಟು ಎರೆಮಣ್ಣು ತರುತ್ತಿದ್ದಳು. "ಪಾಪ" ಎಂದಳು. ಆ ದೊರೆಗೆ ಪಾಪ ಅಂದವರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಅವಳಿಗೆ ಸಿಟ್ಟು ಬಂದದ್ದು ಕಥೆಯ ಒಳ್ಳೆಯ ಗಂಡಸರ ಮೇಲೆ. ದೊರೆಯನ್ನು ಬೇಟೆಯಾಡಲು ಅವರು ಬಾಗಿಲು ಹಾಕಿಕೊಂಡು ಮಸಲತ್ತು ಮಾಡುತ್ತಾರೆ. ಜೊತೆಗಿದ್ದ ಹೆಣ್ಣುಮಗಳು ಹೆದರಬಾರದೆಂದು ಅವಳಿಗೆ ಏನೂ ಹೇಳುವುದಿಲ್ಲ. ದೊರೆ ನೇರವಾಗಿ ಅವಳ ಕೋಣೆಗೇ ಬರುತ್ತಾನೆ.

"ಆಕಿನ್ನ ಒಂದು ಮಾತು ಕೇಳಿದ್ರ ಇವರ ಗಂಟೇನು ಹೋಗ್ತಿತ್ತು?" ಎಂದು ದೊಡ್ಡವ್ವ ಮೊರ ಕೊಡವಿದಳು. ಅದನ್ನು ಬದಿಗಿಟ್ಟು ನನ್ನ ಕಡೆ ತಿರುಗಿದಳು. "ಹೊಳಲಿನ ಸಂಬಂಧಕ್ಕ ನಿನಗ ಮನಸ್ಸೈತೇನವ್ವಾ?"

ಅದು ಅವಳ ಸ್ವಂತ ಅಣ್ಣನ ಮಗನ ಸಂಬಂಧ. ಅಪ್ಪ, ದೊಡ್ಡಪ್ಪ ಇಬ್ಬರೂ ಒಪ್ಪಿದ್ದರು. ಪರೀಕ್ಷೆಗೆ ಮೊದಲೇ ಮದುವೆ, ಆಮೇಲೆ ಪರೀಕ್ಷೆ ಯಾಕೆ ಎಂಬ ಮಾತೂ ಆಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. "ಪರೀಕ್ಷಿ ಬರೀಬೇಕು ದೊಡ್ಡವ್ವ" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

ಹೆಣ್ಣು ನೋಡಲು ದೊಡ್ಡವ್ವನ ಅಣ್ಣ ಮಗನೊಂದಿಗೆ ಬಂದ ದಿನ ದೊಡ್ಡಪ್ಪ ಹಣ್ಣು ತರಲು ಪೇಟೆಗೆ ಹೋಗಿದ್ದ. ದೊಡ್ಡವ್ವ ಬಾಗಿಲಿಗೆ ಅಡ್ಡವಾಗಿ ನಿಂತಳು. "ಆರಾಮದೀಯೇನಣ್ಣ?" ಎಂದಳು. ನೀರನ್ನು ಕಟ್ಟೆಗೇ ತಂದಳು, ಚಹಾವನ್ನೂ ಕಟ್ಟೆಗೇ ತಂದಳು. ಒಳಗೆ ಬಾ ಎನ್ನಲಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. "ಹುಡುಗಿ ಓದಾಕತ್ಯಾಳ" ಎಂದಷ್ಟೇ ಹೇಳಿದಳು. ಅಣ್ಣ ಟವಲ್ಲು ಕೊಡವಿ ಎದ್ದುಹೋದ.

ಪಂಚಮಿ ಎಂದರೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬ; ಆ ವರ್ಷ ಅವಳಿಗೆ ತವರಿನಿಂದ ಕರೆ ಬರಲಿಲ್ಲ. ಮುಂದೆಯೂ ಬರಲಿಲ್ಲ. ನಾನು ಪಾಸಾದೆ, ಎಂ.ಎ. ಮಾಡಿದೆ, ಮೇಡಂ ಆದೆ. ಅವಳು ಹಬ್ಬಕ್ಕೆ ಉಂಡಿ ಕಟ್ಟಿ ರಸ್ತೆ ನೋಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಒಮ್ಮೆಯೂ ಅವಳು ಅದನ್ನು ನನ್ನೆದುರು ಆಡಲಿಲ್ಲ.

ಆ ಕಾಗದದ ಕಟ್ಟು ಬಂದ ವಾರವೇ ಅವಳನ್ನು ಹೊರಡಿಸಿಕೊಂಡು ಹೊಳಲಿಗೆ ಹೋದೆ. ಅಣ್ಣ ಪಡಸಾಲೆಯ ಮಂಚದ ಮೇಲೆ ಕೂತಿದ್ದ. ನೋಡಿದ, ಬಾ ಎನ್ನಲಿಲ್ಲ. ನಾನು ಹೊಸ್ತಿಲಲ್ಲೇ ಹಿಂಜರಿದೆ. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಒಳಗೆ ಕಾಲಿಟ್ಟಳು.

"ಕರಿಯೋತನಕ ನಿಲ್ಲಾಕ ನಾನೇನು ರಗತ ಕುಡಿಯಾಕ ಬಂದೀನೇನು?"

ಅಣ್ಣನಿಗೆ ಆ ಕಥೆ ಗೊತ್ತಿಲ್ಲ. ಆದರೂ ಅವನ ಕಣ್ಣು ತುಂಬಿತು. "ಕುಂದ್ರು ಬಾರವ್ವ" ಎಂದು ಮಂಚದ ಮೇಲೆ ಸರಿದು ಜಾಗ ಮಾಡಿದ.

ಊಟಕ್ಕೆ ಬಡಿಸಲು ಬಂದವನು ಅಂದು ಅಪ್ಪನ ಜೊತೆ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿದು ಹೋದವನೇ. ಈಗ ಹೊಟ್ಟೆ ಬಂದಿದೆ. ಅವನ ಹೆಂಡತಿ ಒಲೆಯ ಮುಂದೆ ನಗು ತಡೆದುಕೊಂಡು ಕೂತಿದ್ದಳು.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಮೇಡಂ?"

ಹೊಟ್ಟೆ ತುಂಬಿತ್ತು. ಆದರೆ ಈ ಮನೆಗೆ ಒಮ್ಮೆ ಬೇಡವೆಂದದ್ದೇ ಸಾಕಾಗಿತ್ತು. ಹಾಕಿಸಿಕೊಂಡೆ.